ಅಕ್ಕೋರ ತಕರಾರು, ಸೊಸೆಯ ಆಡಿಷನ್

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಈಗಿನ ಟಿವಿ ಗೇಮ್ ಶೋಗಳಲ್ಲಿ ಪ್ರಶ್ನೆಗಿಂತ ಅಳು ಜಾಸ್ತಿ. ನಮ್ಮ ಕಡೆಯವರು ಬಾಯಿ ತೆರೆದರೆ ಸಾಕು, ನಗುತ್ತಾರೆ. ಎಲ್ಲಾ ಮೊದಲೇ ಫಿಕ್ಸ್ ಅಂತ ಮೊಮ್ಮಗ ಹೇಳುತ್ತಾನೆ, ಖರೇನಾ? ಇವು ಅವರ ತಕರಾರು. ಕೊನೆಗೊಂದು ಸಾಲು: “ಸೊಸೆ ಬೆಂಗಳೂರಿಗೆ ಆಡಿಷನ್‌ಗೆ ಹೊಂಟಾಳ. ಕಳಸಲ್ಯೋ ಬ್ಯಾಡೋ?”

ಅಕ್ಕೋರೆ, ನಮಸ್ಕಾರ.

ಕೊನೆಯ ಸಾಲಿಗೆ ಮೊದಲು ಉತ್ತರ: ಕಳಿಸಿರಿ. ಬೇರೆ ಮಾತು ಆಮೇಲೆ.

ಸ್ಪರ್ಧಿ ಬಂದು ಕೂತ ಮೇಲೆ ಮೊದಲ ಪ್ರಶ್ನೆಗೆ 14 ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ ಬರೆದಿದ್ದೀರಿ. ಪರೀಕ್ಷಾ ಕೊಠಡಿಯ ಅಭ್ಯಾಸ ಇನ್ನೂ ಹೋಗಿಲ್ಲ! ಅಷ್ಟು ಹೊತ್ತು ಸಾಲ, ಸೋರುವ ಮನೆ, ತೀರಿಕೊಂಡ ಅಪ್ಪ, ಹಿಂದೆ ಪಿಟೀಲು. ಅವರ ಕಷ್ಟ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಆಗ ನೋಡುವವರಿಗೆ ಕಣ್ಣೊರೆಸಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಪ್ರಶ್ನೆ ಬಂತೋ, ಮನೆಮಂದಿಗೆಲ್ಲ ಕೆಲಸ. ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ನದಿ ಯಾವುದು ಅಂತ ಕೇಳಿ ನೋಡಿ. ಒಬ್ಬರು ಘಟಪ್ರಭಾ ಅನ್ನುತ್ತಾರೆ. “ಅದು ಕೂಡೂದು ಚಿಕ್ಕಸಂಗಮದಾಗ, ಇದು ಮಲಪ್ರಭಾ” ಅಂತ ಇನ್ನೊಬ್ಬರು ಏರಿ ಬರುತ್ತಾರೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. ನನಗೆ ಗೇಮ್ ಶೋ ಅಂದರೆ ಇದು. ಮನೆಯಲ್ಲಿ ಕೂತವರೂ ಆಡಬೇಕು.

ಚಂದನದ ‘ಥಟ್ ಅಂತ ಹೇಳಿ’ 2002ರಲ್ಲಿ ಶುರುವಾಗಿ ಸಾವಿರಾರು ಕಂತು ನಡೆದದ್ದು ಇದೇ ಬಲದ ಮೇಲೆ. ಪ್ರಶ್ನೆ ಕೇಳಿದವರು ವೈದ್ಯರಾದ ನಾ. ಸೋಮೇಶ್ವರ. ಸರಿ ಉತ್ತರಕ್ಕೆ ಕನ್ನಡ ಪುಸ್ತಕ, ಅಷ್ಟೇ. ಹೊಗೆಯಿಲ್ಲ, ಥಳಕಿಲ್ಲ. 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಯಲ್ಲಿ ದುಡ್ಡು ದೊಡ್ಡದು, ದೀಪ ಜಾಸ್ತಿ. ಅದರ ಅಚ್ಚು 1998ರಲ್ಲಿ ಬ್ರಿಟನ್ನಿನಲ್ಲಿ ತಯಾರಾಗಿ, 2000ದಲ್ಲಿ ಹಿಂದಿಗೆ ಬಂದು, ಆಮೇಲೆ ನಮಗೆ ಸಿಕ್ಕಿದ್ದು. ಅದರ ಜಾಣತನ ಇರುವುದು ನಾಲ್ಕು ಆಯ್ಕೆಗಳಲ್ಲಿ. ಏನೂ ಗೊತ್ತಿಲ್ಲದವನೂ ‘ಬಿ’ ಅಂತ ಕೂಗಬಹುದು, ಸರಿಯಾದರೆ ಒಂದು ವಾರ ಮೆರೆಯಬಹುದು. ನಾನೇ ಮೆರೆದಿದ್ದೇನೆ.

ಉತ್ತರ ಹೇಳುವ ಹೊತ್ತಿಗೆ ಬ್ರೇಕ್ ಕೊಡುತ್ತಾರೆ ಅಂತ ನಿಮಗೆ ಸಿಟ್ಟು. ನನಗೂ ಸಿಟ್ಟೇ. ಕೇಬಲ್ ಟಿವಿ ನಿಯಮದ ಪ್ರಕಾರ ಒಂದು ಗಂಟೆಯಲ್ಲಿ ಜಾಹೀರಾತು 10 ನಿಮಿಷ, ಚಾನೆಲ್‌ನ ಸ್ವಂತ ಪ್ರಚಾರ 2 ನಿಮಿಷ ದಾಟಬಾರದು. ಹೇಗೂ ಗಡಿಯಾರ ಹಿಡಿದು ಕೂತಿದ್ದೀರಿ, ಅದನ್ನೂ ಅಳೆದುಬಿಡಿ.

ಇನ್ನು ಫಿಕ್ಸಿಂಗ್. ಮೊಮ್ಮಗನ ಅನುಮಾನ ಹಳೆಯದು. 1950ರ ದಶಕದಲ್ಲಿ ಅಮೆರಿಕದ ‘ಟ್ವೆಂಟಿ ಒನ್’ ಕ್ವಿಜ್‌ನಲ್ಲಿ ಸ್ಪರ್ಧಿಗಳಿಗೆ ಉತ್ತರವನ್ನು ಮೊದಲೇ ಕೊಡುತ್ತಿದ್ದರು. ಚಾರ್ಲ್ಸ್ ವ್ಯಾನ್ ಡೋರೆನ್ ಎಂಬ ಕಾಲೇಜು ಮೇಷ್ಟ್ರು ವಾರಗಟ್ಟಲೆ ಗೆದ್ದು ಮನೆಮಾತಾದರು. 1959ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು. ಮರುವರ್ಷ ಅಲ್ಲಿ ಇಂಥ ಮೋಸದ ವಿರುದ್ಧ ಕಾನೂನೇ ಬಂತು. ಹಾಗಂತ ಎಲ್ಲವೂ ಮೋಸ ಅನ್ನಲು ನನಗೆ ಮನಸ್ಸಿಲ್ಲ. ಒಂದೇ ದಿನ ಹಲವು ಕಂತು ಚಿತ್ರೀಕರಿಸಿ, ಆಮೇಲೆ ಕತ್ತರಿಸಿ ಜೋಡಿಸುವುದು ಈ ಕಸುಬಿನಲ್ಲಿ ಮಾಮೂಲು. ಸ್ಪರ್ಧಿ ಯಾವಾಗಲೋ ನಕ್ಕಿದ್ದು ಇನ್ಯಾವಾಗಲೋ ಕಾಣಬಹುದು. ಅದು ಉತ್ತರ ಕದ್ದಂತಲ್ಲ. ಅನುಮಾನ ಇರಲಿ, ಪುರಾವೆ ಸಿಕ್ಕ ದಿನ ಬರೆಯಲಿ ಅಂತ ಮೊಮ್ಮಗನಿಗೆ ಹೇಳಿ. ಅಚ್ಚು ಹಾಕುತ್ತೇನೆ.

ನಮ್ಮ ಮಾತಿಗೆ ನಗುವ ವಿಷಯದಲ್ಲಿ ನಿಮ್ಮ ಪಕ್ಷ ನನ್ನದು. “ಏನ್ರಿ, ಹ್ಯಾಂಗದೀರಿ” ಅಂತ ನಿರೂಪಕರು ಬೇಕಂತಲೇ ಎಳೆದು ಹೇಳುವುದು, ಅದಕ್ಕೆ ಚಪ್ಪಾಳೆ ಬೀಳುವುದು ನನಗೆ ಸೇರುವುದಿಲ್ಲ. ಆದರೆ 2025ರ ಜನವರಿಯಲ್ಲಿ ಬಿಗ್ ಬಾಸ್ 11ನೇ ಸೀಸನ್ ಗೆದ್ದವರು ಹಾವೇರಿ ಜಿಲ್ಲೆಯ ಹನುಮಂತ. ಆಟ ಶುರುವಾದ ಮೇಲೆ ವೈಲ್ಡ್ ಕಾರ್ಡ್‌ನಲ್ಲಿ ಒಳಗೆ ಹೋದವರು. ಊರ ಮಾತನ್ನು ಬದಲಿಸಿಕೊಳ್ಳದೇ ಆಡಿದರು. ವೋಟಿನ ಮೇಲೆ ನಿಲ್ಲುವ ಆಟವನ್ನು ನಾನು ಗೇಮ್ ಶೋಗಿಂತ ಚುನಾವಣೆ ಅಂತಲೇ ಕರೆಯುವುದು. ಆದರೂ ಅವತ್ತು ಖುಷಿಯಾಯಿತು.

ಈಗ ಸೊಸೆ. ಹೆಂಗಸರ ಗೇಮ್ ಶೋಗಳು ಬರೀ ಬಲೂನು ಒಡೆಯೋದು, ಲೋಟ ಜೋಡಿಸೋದು ಅಂತ ಬರೆದಿದ್ದೀರಿ. ಇರಲಿ ಬಿಡಿ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ದಿನವಿಡೀ ಮನೆಯಲ್ಲಿರುವ ಹುಡುಗಿ ಒಂದು ದಿನ ಬಲೂನು ಒಡೆದರೆ ಯಾರ ಗಂಟು ಹೋಗುತ್ತದೆ?

ಲೆಕ್ಕ ಮಾತ್ರ ಮೊದಲೇ ಗೊತ್ತಿರಲಿ. ಬಹುಮಾನ 10,000 ರೂಪಾಯಿ ದಾಟಿದರೆ ಶೇ. 30 ತೆರಿಗೆ ಹಿಡಿದೇ ಕೊಡುತ್ತಾರೆ, ಸೆಸ್ ಲೆಕ್ಕ ಆಮೇಲೆ ರಿಟರ್ನ್ ಹಾಕುವಾಗ ಬೇರೆ. ನನಗೆ ಬೇರೆ ಆದಾಯವಿಲ್ಲ ಅಂದರೂ ಈ ಹಣಕ್ಕೆ ವಿನಾಯಿತಿ ಮಿತಿ ಅನ್ವಯಿಸುವುದಿಲ್ಲ. 40,000 ರೂಪಾಯಿಯ ಫ್ರಿಜ್ ಗೆದ್ದರೆ 12,000 ತೆರಿಗೆ ಕಟ್ಟಿದ ಮೇಲೆಯೇ ಫ್ರಿಜ್ ಕೈಗೆ ಬರಬೇಕು. ಅದನ್ನು ಕಟ್ಟುವವರು ಕಾರ್ಯಕ್ರಮದವರೋ ನಾವೋ ಅಂತ ಸಹಿ ಹಾಕುವ ಮೊದಲೇ ಕೇಳಲಿ. ಕಷ್ಟದ ಕಥೆ ಕೇಳಿದರೆ ಎಷ್ಟು ಹೇಳಬೇಕು ಅನ್ನುವುದನ್ನೂ ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಲಿ.

ಬಾಗಲಕೋಟೆಯಿಂದ ಬೆಂಗಳೂರಿಗೆ ಬಸವ ಎಕ್ಸ್‌ಪ್ರೆಸ್ ಇದೆ. ನಿಮ್ಮೂರ ಖಣದ ಕುಪ್ಪಸ ತೊಟ್ಟು ಹೋಗಲಿ, ಮನೆಯ ಮಾತಲ್ಲೇ ಆಡಲಿ. ಕಂತು ಯಾವತ್ತು ಬರುತ್ತದೆ ಅಂತ ಒಂದು ಕಾರ್ಡು ಹಾಕಿ. ನೀವು ಅಲ್ಲಿ ಗಡಿಯಾರ ಹಿಡಿಯಿರಿ, ನಾನು ಇಲ್ಲಿ ಹಿಡಿಯುತ್ತೇನೆ.

— ಸಂಪಾದಕ