ಹಳೆಯ ಸಸ್ಪೆನ್ಸ್ ಸಿನಿಮಾಗಳನ್ನು ಡಿಸ್ಕ್‌ನಲ್ಲಿ ಕೂಡಿಡಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ನೀವು ಕೇಳಿದ್ದು ಇಷ್ಟು: ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಕಾಲದ ಸಸ್ಪೆನ್ಸ್ ಚಿತ್ರಗಳನ್ನು ಬ್ಲೂ-ರೇ ಅಥವಾ 4ಕೆ ಡಿಸ್ಕ್‌ನಲ್ಲಿ ಸಂಗ್ರಹಿಸುವ ಆಸೆ ಇದೆ. ಆದರೆ ಒಂದೇ ಸಿನಿಮಾಗೆ ನಾಲ್ಕೈದು ಎಡಿಷನ್ ಸಿಗುತ್ತವೆ, ಎಲ್ಲದರ ಮೇಲೂ 'ರಿಸ್ಟೋರ್ಡ್', ಅಂದರೆ ಹಳೆಯ ಫಿಲ್ಮನ್ನು ದುರಸ್ತಿ ಮಾಡಿದ್ದು, ಅಂತ ಬರೆದಿರುತ್ತಾರೆ. ಯಾವುದನ್ನು ನಂಬಬೇಕು? ಒಟಿಟಿ ಇರುವಾಗ ಇದೆಲ್ಲ ಬೇಕಾ?

ಬೇಕು. ಸಸ್ಪೆನ್ಸ್ ಚಿತ್ರಗಳಿಗಂತೂ ಖಂಡಿತ ಬೇಕು. ಹಾಡು, ಹಾಸ್ಯ ತುಂಬಿದ ಸಿನಿಮಾ ಪ್ರಿಂಟ್ ಸ್ವಲ್ಪ ಕೆಟ್ಟಿದ್ದರೂ ನಡೆದುಹೋಗುತ್ತದೆ. ಸಸ್ಪೆನ್ಸ್ ನಿಂತಿರುವುದೇ ಕತ್ತಲು ಮತ್ತು ಮೌನದ ಮೇಲೆ. ಕೆಟ್ಟ ಪ್ರತಿಯಲ್ಲಿ ಮೊದಲು ಹಾಳಾಗುವುದೂ ಅವೆರಡೇ. ಹಾಗಾಗಿ ಯಾವ ಡಿಸ್ಕ್ ಕೊಳ್ಳಬೇಕು ಅಂತ ನನ್ನನ್ನು ಯಾರು ಕೇಳಿದರೂ ನಾನು ಹೇಳುವುದು ಒಂದೇ: ಕಪ್ಪು ಹೇಗಿದೆ ನೋಡಿ, ಶಬ್ದ ಯಾವುದು ಕೇಳಿ, ಆಮೇಲೆ ದುಡ್ಡು ಕೊಡಿ.

1949ರ 'ದಿ ಥರ್ಡ್ ಮ್ಯಾನ್' ತೆಗೆದುಕೊಳ್ಳಿ. ಯುದ್ಧ ಮುಗಿದ ಮೇಲಿನ ವಿಯೆನ್ನಾ. ರಾತ್ರಿ, ಒದ್ದೆಯಾದ ಕಲ್ಲುಹಾಸಿನ ಬೀದಿ. ಒಂದು ಬಾಗಿಲ ಮರೆಯಲ್ಲಿ ಯಾರೋ ನಿಂತಿದ್ದಾರೆ. ಬೆಕ್ಕೊಂದು ಬಂದು ಆತನ ಬೂಟಿನ ಹತ್ತಿರ ಕೂರುತ್ತದೆ. ನಮಗೆ ಕಾಣುವುದು ಬೂಟು ಮಾತ್ರ, ಮೇಲೆಲ್ಲ ಕತ್ತಲು. ಅಷ್ಟರಲ್ಲಿ ಯಾರದೋ ಕಿಟಕಿಯಲ್ಲಿ ದೀಪ ಹತ್ತುತ್ತದೆ, ಬೆಳಕು ನೇರವಾಗಿ ಮುಖಕ್ಕೆ ಬೀಳುತ್ತದೆ. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಅವರಿಗೆ ಆಸ್ಕರ್ ತಂದುಕೊಟ್ಟ ಚಿತ್ರ ಇದು. ಸವೆದ ಪ್ರತಿಯಲ್ಲಿ ಆ ಬಾಗಿಲು ಬರೀ ಕಪ್ಪು ಚೌಕ, ಬೂಟೂ ಇಲ್ಲ ಏನೂ ಇಲ್ಲ. ಇನ್ನು ಕೆಲವು ಪ್ರತಿಗಳಲ್ಲಿ ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗಿ, ದೀಪ ಹತ್ತುವ ಮೊದಲೇ ಅಲ್ಲೊಬ್ಬ ನಿಂತಿದ್ದಾನೆ ಅಂತ ಗೊತ್ತಾಗಿಬಿಡುತ್ತದೆ. ಎರಡರಲ್ಲೂ ದೃಶ್ಯ ಕೆಟ್ಟಿತು. 2015ರಲ್ಲಿ ಈ ಚಿತ್ರಕ್ಕೆ 4ಕೆ ರಿಸ್ಟೋರೇಷನ್ ಆಯಿತು. ಅದರಲ್ಲಿ ನೋಡಿದರೆ ಕತ್ತಲಿನೊಳಗೂ ಹಂತಗಳಿವೆ. ಕಣ್ಣು ಹುಡುಕುತ್ತದೆ, ಸಿಗುವುದಿಲ್ಲ, ಆಮೇಲೆ ದೀಪ. ನಿರ್ದೇಶಕ ಕ್ಯಾರಲ್ ರೀಡ್ ಬಯಸಿದ್ದು ಅದನ್ನೇ ಅಲ್ವಾ?

ಒಟಿಟಿಯಲ್ಲಿ ಇದು ಏಕೆ ಸರಿ ಬರುವುದಿಲ್ಲ ಅಂದರೆ, ಇಂಟರ್ನೆಟ್ಟಿನಲ್ಲಿ ಕಳಿಸಲು ಚಿತ್ರವನ್ನು ತುಂಬಾ ಹಿಂಡಿರುತ್ತಾರೆ. ಹಿಂಡುವಾಗ ಮೊದಲು ಬಿಟ್ಟುಕೊಡುವುದು ಕತ್ತಲೆಯ ಸೂಕ್ಷ್ಮಗಳನ್ನು. ಸಾಮಾನ್ಯ ಬ್ಲೂ-ರೇ ಚಿತ್ರಕ್ಕೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಜಾಗ ಕೊಡುತ್ತದೆ. 4ಕೆ ಡಿಸ್ಕ್ ನೂರು ದಾಟಬಲ್ಲದು. ಮನೆಯ ಟಿವಿಯಲ್ಲಿ ಒಟಿಟಿ ನೋಡುವಾಗ ಕತ್ತಲ ಗೋಡೆಯ ಮೇಲೆ ಪಟ್ಟೆ ಪಟ್ಟೆ, ಚೌಕ ಚೌಕ ಕಾಣುತ್ತದಲ್ಲ, ಅದು ಸಿನಿಮಾದ್ದಲ್ಲ, ಹಿಂಡಿದ್ದರ ಗುರುತು. ಜೊತೆಗೆ ಇವತ್ತು ಇದ್ದ ಚಿತ್ರ ನಾಳೆ ಅಲ್ಲಿರುತ್ತದೆ ಅನ್ನುವ ಖಾತ್ರಿಯೂ ಇಲ್ಲ.

'ರಿಸ್ಟೋರ್ಡ್' ಅನ್ನುವ ಪದವನ್ನು ಮಾತ್ರ ನಂಬಬೇಡಿ. ಅದನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನೋಡಬೇಕಾದ್ದು ಯಾವುದರಿಂದ ಸ್ಕ್ಯಾನ್ ಮಾಡಿದ್ದಾರೆ ಅಂತ. ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವಾ, ಅದರಿಂದ ತೆಗೆದ ಪಾಸಿಟಿವಾ, ಇಲ್ಲಾ ಥಿಯೇಟರುಗಳಲ್ಲಿ ಓಡಿ ಸವೆದ ಪ್ರಿಂಟಾ? ಮೂಲದಿಂದ ಒಂದೊಂದು ಹೆಜ್ಜೆ ದೂರ ಹೋದಂತೆ ವಿವರ ಕರಗುತ್ತದೆ. ಒಳ್ಳೆಯ ಕಂಪನಿಗಳು ಇದನ್ನು ಒಳಗಿನ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಏನೂ ಬರೆಯದೆ ಸುಮ್ನೆ 'ಡಿಜಿಟಲಿ ರಿಮಾಸ್ಟರ್ಡ್' ಅಂದರೆ ಅನುಮಾನಪಡಿ. ಗ್ರೇನ್ ವಿಷಯದಲ್ಲೂ ಎಚ್ಚರ ಬೇಕು. ಚಿತ್ರದ ಮೇಲೆ ಸಣ್ಣಗೆ ಅಲುಗಾಡುವ ಮರಳಿನಂಥ ಕಣಗಳು ಕೊಳೆಯಲ್ಲ, ಫಿಲ್ಮಿನ ಮೈಯೇ ಅದು. ಕಂಪ್ಯೂಟರಿನಲ್ಲಿ ಅದನ್ನು ಉಜ್ಜಿ ತೆಗೆದರೆ ಮುಖಗಳೆಲ್ಲ ಮೇಣದ ಗೊಂಬೆಯಂತಾಗುತ್ತವೆ. ಹೆದರಿದವರ ಹಣೆಯ ಬೆವರು ಕೂಡ ಹೋಗಿರುತ್ತದೆ.

ಶಬ್ದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದನ್ನು ಸಂಗ್ರಹಕಾರರೂ ಕಡೆಗಣಿಸುತ್ತಾರೆ. ಹಿಚ್‌ಕಾಕ್ ಅವರ 1958ರ 'ವರ್ಟಿಗೊ' ಚಿತ್ರವನ್ನು 1996ರಲ್ಲಿ ರಾಬರ್ಟ್ ಹ್ಯಾರಿಸ್ ಮತ್ತು ಜೇಮ್ಸ್ ಕ್ಯಾಟ್ಜ್ ರಿಸ್ಟೋರ್ ಮಾಡಿದರು. ನೆಗೆಟಿವಿನ ಬಣ್ಣ ಮಾಸಿತ್ತು. ಬಣ್ಣ ಉಳಿಸಲೆಂದು ಬೇರೆ ಬೇರೆಯಾಗಿ ತೆಗೆದಿಟ್ಟಿದ್ದ ಮೂರು ಕಪ್ಪು-ಬಿಳುಪು ಪ್ರತಿಗಳು ಒಂದೊಂದು ಒಂದೊಂದು ಥರ ಕುಗ್ಗಿಹೋಗಿದ್ದವು, ಎಷ್ಟೋ ಕಡೆ ಒಂದರ ಮೇಲೊಂದು ಕೂರುತ್ತಲೇ ಇರಲಿಲ್ಲ. ಅಂಥ ಸ್ಥಿತಿಯಿಂದ ಎತ್ತಿ ಅದನ್ನು 70 ಎಂಎಂ ಪರದೆಗೆ ತಂದರು. ಆ ಕೆಲಸ ಆಗದಿದ್ದರೆ ನಾಯಕಿ ಮ್ಯಾಡಲೀನಳ ಉಡುಪಿನ ಹಸಿರನ್ನು ನಾವು ಹೀಗೆ ನೋಡುತ್ತಲೇ ಇರಲಿಲ್ಲ. ಬರ್ನಾರ್ಡ್ ಹರ್ಮನ್ ಅವರ ಸಂಗೀತದ ಮೂಲ ಧ್ವನಿಮುದ್ರಣ ಪ್ಯಾರಾಮೌಂಟ್ ಸ್ಟುಡಿಯೊದ ಉಗ್ರಾಣದಲ್ಲಿ ಸಿಕ್ಕಿತು. ಆದರೆ ಹೊಸದಾಗಿ ಆರು ಚಾನೆಲ್ ಸ್ಟೀರಿಯೊ ಮಾಡಬೇಕಿತ್ತು. ಹಾಗಾಗಿ ಹೆಜ್ಜೆ ಸಪ್ಪಳ, ಗುಂಡಿನ ಸದ್ದು ಇಂಥವನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಹಿಚ್‌ಕಾಕ್ ಬರೆಸಿದ್ದ ಡಬ್ಬಿಂಗ್ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡೇ ಮಾಡಿದರು ಅನ್ನುವುದು ನಿಜ. ಹಳೆಯ ಟ್ರ್ಯಾಕಿನ ಗೊರಗೊರ ಮುಚ್ಚಲು ಸಮುದ್ರ ತೀರದ ದೃಶ್ಯದಲ್ಲಿ ಕಡಲಹಕ್ಕಿಗಳ ಕೂಗು, ಹಡಗಿನ ಮಂಜು-ಸೈರನ್ನನ್ನೂ ಸೇರಿಸಿದರು. ಇದಕ್ಕೆ ಆಗಲೇ ತಕರಾರು ಎದ್ದಿತು.

ನನ್ನ ಅಭಿಪ್ರಾಯ ಕೇಳಿದರೆ, ಆ ಇಬ್ಬರ ಮೇಲೆ ನನಗೆ ಅಪಾರ ಗೌರವ. ಆದರೂ ಮನೆಯಲ್ಲಿ ನಾನು ಹಾಕುವುದು ಮೂಲ ಮೋನೋ ಟ್ರ್ಯಾಕ್, ಅಂದರೆ ಎಲ್ಲ ಶಬ್ದ ಒಂದೇ ಚಾನೆಲ್ಲಿನಲ್ಲಿ ಇರುವುದು. ಹೊಸ ಮಿಕ್ಸ್‌ನಲ್ಲಿ ಚಿತ್ರದ ಶುರುವಿನ ಮಾಳಿಗೆ ಓಟ ಕೇಳಿ, ಗುಂಡಿನ ಸದ್ದು ಸುತ್ತಮುತ್ತಲಿನದ್ದಕ್ಕಿಂತ ಬೇರೆಯಾಗಿ ಮುಂದೆ ಬರುತ್ತದೆ. ಮೋನೋದಲ್ಲಿ ಎಲ್ಲ ಒಂದೇ ಗಾಳಿಯಲ್ಲಿವೆ. ಹಾಗಾಗಿ ಡಿಸ್ಕ್‌ನ ಹಿಂಬದಿ ತಿರುಗಿಸಿ ಓದಿ. 5.1, 7.1 ಅಂತ ಹಲವು ಚಾನೆಲ್ಲಿನ ಹೊಸ ಮಿಕ್ಸ್ ಹೆಸರು ದೊಡ್ಡದಾಗಿ ಇದ್ದು ಮೂಲ ಮೋನೋ ಇಲ್ಲದಿದ್ದರೆ, ಇರುವ ಎಡಿಷನ್ ಹುಡುಕಿ.

ಕಪ್ಪು, ಶಬ್ದ ಆದ ಮೇಲೆ ಮೂರನೆಯ ವಿಷಯ, ಯಾವ ರೂಪ ಅನ್ನುವುದು. ನಿರ್ದೇಶಕ ಆರ್ಸನ್ ವೆಲ್ಸ್ ಅವರ 'ಟಚ್ ಆಫ್ ಈವಿಲ್' (1958) ಒಂದೇ ಸಿನಿಮಾ ಅಲ್ಲ, ಮೂರು. ಸಂಕಲನವನ್ನು ಸ್ಟುಡಿಯೊ ಅವರ ಕೈಯಿಂದ ಕಿತ್ತುಕೊಂಡಿತು, ಕೆಲವು ದೃಶ್ಯಗಳನ್ನು ಬೇರೆಯವರಿಂದ ತೆಗೆಸಿತು. ಅದನ್ನು ನೋಡಿ ವೆಲ್ಸ್ 58 ಪುಟಗಳ ಪತ್ರ ಬರೆದರು, ಇಲ್ಲಿ ಹೀಗಿರಲಿ, ಅಲ್ಲಿ ಆ ಶಬ್ದ ಬೇಡ ಅಂತ. ಅವರು ಬದುಕಿದ್ದಾಗ ಅದು ನಡೆಯಲಿಲ್ಲ. 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಆ ಪತ್ರ ಹಿಡಿದುಕೊಂಡು ಚಿತ್ರವನ್ನು ಮತ್ತೆ ಸಂಕಲನ ಮಾಡಿದರು.

ವ್ಯತ್ಯಾಸ ಮೊದಲ ಶಾಟ್‌ನಲ್ಲೇ ಗೊತ್ತಾಗುತ್ತದೆ. ಕಾರಿನ ಡಿಕ್ಕಿಯಲ್ಲಿ ಬಾಂಬ್ ಇಡುತ್ತಾರೆ, ಕ್ಯಾಮೆರಾ ಎಲ್ಲೂ ಕತ್ತರಿಸದೆ ಗಡಿ ಊರಿನ ಬೀದಿಗುಂಟ ಮೂರು ನಿಮಿಷಕ್ಕೂ ಮೇಲೆ ಸಾಗುತ್ತದೆ. 1958ರಲ್ಲಿ ಬಿಡುಗಡೆಯಾದ ರೂಪದಲ್ಲಿ ಇದರ ಮೇಲೆ ಹೆಸರುಗಳು ಓಡುತ್ತವೆ, ಹೆನ್ರಿ ಮ್ಯಾನ್ಸಿನಿ ಅವರ ಸಂಗೀತ ಮೊಳಗುತ್ತದೆ. 1998ರದ್ದರಲ್ಲಿ ಹೆಸರುಗಳಿಲ್ಲ. ಒಂದು ಕ್ಲಬ್ಬಿನ ಹಾಡು ಹತ್ತಿರವಾಗುತ್ತದೆ, ಹಿಂದೆ ಬೀಳುತ್ತದೆ, ಇನ್ನೊಂದು ಕೇಳುತ್ತದೆ. ನಡುವೆ ಆ ಕಾರಿನ ರೇಡಿಯೊ ಬಂದು ಹೋಗುತ್ತದೆ. ರೇಡಿಯೊ ಸದ್ದು ಹತ್ತಿರ ಬಂದಾಗಲೆಲ್ಲ ಬಾಂಬ್ ಹತ್ತಿರ ಬಂತು ಅಂತ ಎದೆ ಹೊಡೆದುಕೊಳ್ಳುತ್ತದೆ. ಕಿವಿಯಿಂದಲೇ ಸಸ್ಪೆನ್ಸ್ ಕಟ್ಟುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಈ ಎರಡು ಮತ್ತು ಬಿಡುಗಡೆಗೆ ಮೊದಲಿನ ಪ್ರಿವ್ಯೂ ರೂಪ, ಹೀಗೆ ಮೂರೂ ರೂಪಗಳಿರುವ ಸೆಟ್ ಸಿಗುತ್ತದೆ. ಕಿನೊ ಲಾರ್ಬರ್ ಕಂಪನಿ 2022ರಲ್ಲಿ ತಂದ 4ಕೆ ಸೆಟ್‌ನಲ್ಲಿ ಮೂರೂ ಇವೆ. ಒಂದೇ ರೂಪ ಇರುವುದನ್ನು ಕೊಳ್ಳಬೇಡಿ.

ಹಿಚ್‌ಕಾಕ್ ಅವರ 'ಸೈಕೋ' (1960) ಕೂಡ ಹೀಗೆಯೇ, ಆದರೆ ಅಲ್ಲಿ ಕೆಲವೇ ಸೆಕೆಂಡುಗಳ ಮಾತು. ಮೋಟೆಲ್ ನಡೆಸುವ ನಾರ್ಮನ್ ತನ್ನ ರಕ್ತ ಹತ್ತಿದ ಕೈಗಳನ್ನು ನೋಡಿಕೊಳ್ಳುವುದು, ಪತ್ತೇದಾರ ಆರ್ಬೊಗಾಸ್ಟ್ ಮೇಲೆ ಬೀಳುವ ಇರಿತಗಳು, ಇಂಥ ಕಡೆ ಸ್ವಲ್ಪ ಸ್ವಲ್ಪ ಕತ್ತರಿಸಿದ್ದ ರೂಪವೇ ಅಮೆರಿಕದಲ್ಲಿ ದಶಕಗಟ್ಟಲೆ ಓಡಿತು. ಕತ್ತರಿಸದ ರೂಪ ಜರ್ಮನಿಯಲ್ಲಿ ಉಳಿದುಕೊಂಡಿತ್ತು. 2020ರ 4ಕೆ ಡಿಸ್ಕ್‌ನಲ್ಲಿ ಅದು ಸೇರಿತು. ಅದೇ ವರ್ಷ ಹಿಚ್‌ಕಾಕ್ ಅವರ 'ರಿಯರ್ ವಿಂಡೋ', 'ವರ್ಟಿಗೊ', 'ಸೈಕೋ', 'ದಿ ಬರ್ಡ್ಸ್' ನಾಲ್ಕನ್ನೂ ಒಂದೇ ಸೆಟ್ಟಿನಲ್ಲಿ ಯೂನಿವರ್ಸಲ್ ಬಿಡುಗಡೆ ಮಾಡಿತು. ನೀವು ಶುರು ಮಾಡುವುದು ಅಲ್ಲಿಂದ.

ಅಗ್ಗದ ಡಿಸ್ಕ್ ಬಗ್ಗೆ ಒಂದು ಮಾತು. 1963ರ 'ಶರಾಡ್' ಚಿತ್ರದ ಪ್ರಿಂಟ್‌ಗಳಲ್ಲಿ ಕಾಪಿರೈಟ್ ಸೂಚನೆಯನ್ನು ಆಗಿನ ಅಮೆರಿಕದ ಕಾನೂನು ಕೇಳಿದ ಹಾಗೆ ಹಾಕಲಿಲ್ಲ. ಅಷ್ಟಕ್ಕೇ ಅಲ್ಲಿ ಅದು ಬಿಡುಗಡೆಯಾದಾಗಲೇ ಸಾರ್ವಜನಿಕ ಸ್ವತ್ತಾಯಿತು. ಯಾರು ಯಾರೋ ಸಿಕ್ಕ ಸಿಕ್ಕ ಪ್ರಿಂಟಿನಿಂದ ಡಿಸ್ಕ್ ಮಾಡಿ ಮಾರಿದರು. ಪ್ಯಾರಿಸ್, ಆಡ್ರಿ ಹೆಪ್‌ಬರ್ನ್, ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ ಪ್ರತಿಗಳೇ ಎಲ್ಲೆಲ್ಲೂ. ಆ ಚಿತ್ರಕ್ಕೆ ಯೂನಿವರ್ಸಲ್ ಅಥವಾ ಅಮೆರಿಕದ ಕ್ರೈಟೀರಿಯನ್ ಕಂಪನಿಯ ಡಿಸ್ಕನ್ನೇ ತೆಗೆದುಕೊಳ್ಳಿ. ಹಿಚ್‌ಕಾಕ್ ಬ್ರಿಟನ್ನಿನಲ್ಲಿ ಮಾಡಿದ 1930ರ ದಶಕದ ಚಿತ್ರಗಳಿಗೂ ಇದೇ ಎಚ್ಚರಿಕೆ.

ರಿಸ್ಟೋರೇಷನ್ ಎಷ್ಟು ಕೂದಲೆಳೆಯಲ್ಲಿ ಉಳಿದ ಕೆಲಸ ಅಂತ ತಿಳಿಯಬೇಕಾದರೆ 1950ರ 'ವುಮನ್ ಆನ್ ದಿ ರನ್' ನೋಡಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಕೊಲೆ ಕಣ್ಣಾರೆ ಕಂಡು ಓಡಿಹೋದ ಗಂಡನನ್ನು ಹುಡುಕುವ ಹೆಂಡತಿಯ ಕಥೆ. ಸಿಕ್ಕಿದ್ದ ಒಂದು ಒಳ್ಳೆಯ ಪ್ರಿಂಟ್ 2008ರಲ್ಲಿ ಯೂನಿವರ್ಸಲ್ ಸ್ಟುಡಿಯೊಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಇನ್ನು ಮುಗಿಯಿತು ಅಂದುಕೊಂಡಾಗ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಬೇರೆ ರೀಲುಗಳು ಸಿಕ್ಕವು. ಎಡ್ಡಿ ಮುಲ್ಲರ್ ಅವರ ಫಿಲ್ಮ್ ನುವಾರ್ ಫೌಂಡೇಶನ್ ಬೆನ್ನು ಹತ್ತಿ ಲಾಸ್ ಏಂಜಲೀಸ್ ವಿಶ್ವವಿದ್ಯಾಲಯದ ಯುಸಿಎಲ್ಎ ಆರ್ಕೈವ್‌ನಲ್ಲಿ ಅದನ್ನು ಉಳಿಸಿತು, 2016ರಲ್ಲಿ ಫ್ಲಿಕರ್ ಆ್ಯಲಿ ಕಂಪನಿ ಡಿಸ್ಕ್ ತಂದಿತು. ಇಂಥ ಡಿಸ್ಕ್ ಕೊಂಡಾಗ ನಿಮ್ಮ ದುಡ್ಡು ಮುಂದಿನ ರಿಸ್ಟೋರೇಷನ್‌ಗೆ ನೆರವಾಗುತ್ತದೆ. ಹಿಚ್‌ಕಾಕ್ ಅವರ ಮೂಕಿ ಚಿತ್ರಗಳಲ್ಲಿ ಒಂಬತ್ತನ್ನು ಇದೇ ಬ್ರಿಟಿಷ್ ಸಂಸ್ಥೆ 2012ರಲ್ಲಿ ರಿಸ್ಟೋರ್ ಮಾಡಿತು. ಹತ್ತನೆಯದು, 'ದಿ ಮೌಂಟನ್ ಈಗಲ್', ಇವತ್ತಿಗೂ ಸಿಕ್ಕಿಲ್ಲ.

ಈಗ ನಮ್ಮ ಊರಿನ ಕಷ್ಟಗಳು. ಬ್ಲೂ-ರೇಗಳನ್ನು ದೇಶಗಳ ಪ್ರಕಾರ ರೀಜನ್‌ಗಳಾಗಿ ಹಂಚಿದ್ದಾರೆ. ಭಾರತ ರೀಜನ್ ಸಿ, ಅಮೆರಿಕ ಎ, ಬ್ರಿಟನ್ ಬಿ. ಬೇರೆ ರೀಜನ್ನಿಗೆ ಲಾಕ್ ಮಾಡಿರುವ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡುವುದಿಲ್ಲ. 4ಕೆ ಡಿಸ್ಕಿಗೆ ರೀಜನ್ ಇಲ್ಲ, ಆದ್ದರಿಂದ ಸಾಧ್ಯವಾದಲ್ಲೆಲ್ಲ 4ಕೆ ತೆಗೆದುಕೊಳ್ಳಿ. ಜೊತೆಗೆ ಕೊಡುವ ಬ್ಲೂ-ರೇಗೆ ಮಾತ್ರ ಲಾಕ್ ಇರಬಹುದು, ವಿಶೇಷ ವಿಡಿಯೊಗಳು ಹೆಚ್ಚಾಗಿ ಅದರಲ್ಲೇ ಇರುತ್ತವೆ. ಕೊರಿಯರಿನಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕವನ್ನೂ ಲೆಕ್ಕ ಹಾಕಿ. ಅಮೆರಿಕದಲ್ಲಿ ಅಣ್ಣನೋ ಸ್ನೇಹಿತರೋ ಇದ್ದರೆ, ಅಲ್ಲಿನ ಪುಸ್ತಕದಂಗಡಿ ಬಾರ್ನ್ಸ್ ಆ್ಯಂಡ್ ನೋಬಲ್‌ನಲ್ಲಿ ಕ್ರೈಟೀರಿಯನ್ ಅರ್ಧ ಬೆಲೆಗೆ ಸಿಗುವ ಜುಲೈ, ನವೆಂಬರ್ ಸೇಲ್‌ನಲ್ಲಿ ಕೊಂಡಿಟ್ಟಿರಲು ಹೇಳಿ, ಊರಿಗೆ ಬರುವಾಗ ತರಲಿ. ಚಿತ್ರದ ಹಕ್ಕು ಕೈಬದಲಾದರೆ ಡಿಸ್ಕ್ ತಯಾರಿಯೇ ನಿಂತುಹೋಗುತ್ತದೆ ಅನ್ನುವುದೂ ನೆನಪಿರಲಿ. ಕ್ರೈಟೀರಿಯನ್ನಿನ 'ಥರ್ಡ್ ಮ್ಯಾನ್' ಹಾಗೆಯೇ ನಿಂತಿತು, ಆಮೇಲೆ ಸೆಕೆಂಡ್ ಹ್ಯಾಂಡ್ ಬೆಲೆ ಏರಿತು.

ನಾನಿರುವುದು ಮಂಗಳೂರಿನಲ್ಲಿ. ಮಳೆಗಾಲದಲ್ಲಿ ಪುಸ್ತಿಕೆಗಳಿಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಚೀಲ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಡಿಸ್ಕ್‌ಗಳನ್ನು ನಿಲ್ಲಿಸಿಡಿ, ಮಲಗಿಸಬೇಡಿ.

ಕನ್ನಡದ ಮಾತು ಬಂದೇ ಬರುತ್ತದೆ. ಕಾಶೀನಾಥ್ ಅವರ 'ಅಪರಿಚಿತ' (1978) ಥರದ ಚಿತ್ರಗಳನ್ನು ನಾನು ನೋಡಿದ್ದು ವಿಸಿಡಿಯಲ್ಲಿ. ರಾತ್ರಿ ದೃಶ್ಯಗಳಲ್ಲಿ ಯಾರು ಎಲ್ಲಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ. ನಮ್ಮಲ್ಲೂ ಒಳ್ಳೆಯ ಕೆಲಸ ಸಾಧ್ಯ ಅನ್ನುವುದಕ್ಕೆ 'ಘಟಶ್ರಾದ್ಧ'ವೇ ಸಾಕ್ಷಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ಫಿಲ್ಮ್ ಫೌಂಡೇಶನ್ ಸೇರಿ ಅದನ್ನು ರಿಸ್ಟೋರ್ ಮಾಡಿದವು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ಸಸ್ಪೆನ್ಸ್ ಚಿತ್ರಗಳಿಗೂ ಆ ಸರದಿ ಬರಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಮೊದಲು ಹಿಚ್‌ಕಾಕ್ ಸೆಟ್, ಆಮೇಲೆ 'ಟಚ್ ಆಫ್ ಈವಿಲ್', ಆಮೇಲೆ 'ಥರ್ಡ್ ಮ್ಯಾನ್'. ಹಾಕುವ ಮೊದಲು ಟಿವಿಯಲ್ಲಿ ಚಲನೆಯನ್ನು ಕೃತಕವಾಗಿ ನಯ ಮಾಡುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ, ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದಕ್ಕೆ ಬದಲಿಸಿ. ನಿಮ್ಮ ಹತ್ತಿರ ಈಗಾಗಲೇ ಪ್ಲೇಯರ್ ಇದ್ದರೆ ಅದರ ಮಾಡೆಲ್ ಬರೆಯಿರಿ, ಯಾವ ಡಿಸ್ಕ್ ಅದರಲ್ಲಿ ಓಡುತ್ತದೆ ಅಂತ ನೋಡಿ ತಿಳಿಸುತ್ತೇನೆ.