ಸೆಲ್ಫ್ ಹೊಡೆದರೂ ಹಿಡಿಯದ ಎಂಜಿನ್: ಹಳೆಯ ಕಾರುಗಳ ಪ್ರಶ್ನೋತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಫ್ಯೂಯಲ್ ಪಂಪ್ ಬದಲಿಸಲೇ?’ ಎಂಬ ಪ್ರಶ್ನೆಯಲ್ಲೇ ಮುಗಿಯುತ್ತವೆ. ಮೈಸೂರಿನ ಬನ್ನಿಮಂಟಪದ ನಮ್ಮ ಶೆಡ್ಡಿಗೆ ಹಳೆಯ ಕಾರು ತರುವವರೂ ಇದನ್ನೇ ಕೇಳುತ್ತಾರೆ. ಅವರಿಗೆ ನಾನು ಮೊದಲು ಕೇಳುವ ಮರುಪ್ರಶ್ನೆ ಇದು: ಕೀಲಿ ತಿರುಗಿಸಿದಾಗ ಎಂಜಿನ್ ನಿಧಾನವಾಗಿ ತಿರುಗುತ್ತದೆಯೇ, ಅಥವಾ ಚುರುಕಾಗಿ ತಿರುಗಿಯೂ ಹಿಡಿಯುವುದಿಲ್ಲವೇ? ಎರಡೂ ಬೇರೆ ಬೇರೆ ಕಾಯಿಲೆಗಳು. ಇದನ್ನು ಕೇಳಿಕೊಳ್ಳದೆ ಬಿಡಿಭಾಗ ಕೊಂಡರೆ ಹಣ ಹೋಗುತ್ತದೆ, ಕಾಯಿಲೆ ಉಳಿಯುತ್ತದೆ.

ಪ್ರಶ್ನೆ: ನನ್ನದು 1997ರ ಕಾರ್ಬ್ಯುರೇಟರ್ ಮಾರುತಿ 800. ವಾರಕ್ಕೊಮ್ಮೆ ಮೇಲುಕೋಟೆಗೆ ಹೋಗುವಾಗ ಮಾತ್ರ ಹೊರಗೆ ತೆಗೆಯುತ್ತೇನೆ. ಮೊದಲ ಸಲ ಸ್ಟಾರ್ಟ್ ಆಗಲು ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು. ಆಮೇಲೆ ದಿನವಿಡೀ ತೊಂದರೆಯಿಲ್ಲ. ಪಂಪ್ ಹೋಗಿದೆ ಎನ್ನುತ್ತಾರೆ. ಬದಲಿಸಲೇ?
– ಓದುಗರು, ಪಾಂಡವಪುರ

ಉತ್ತರ: ಸದ್ಯಕ್ಕೆ ಬೇಡ. ಮೇಲುಕೋಟೆಯ ಏರನ್ನು ಹತ್ತಿಸುವ ಪಂಪು ಬೆಳಿಗ್ಗೆ ಮನೆಯ ಮುಂದೆ ಮಾತ್ರ ಕೆಟ್ಟಿರುತ್ತದೆ ಎಂದರೆ ನಾನು ಸುಲಭವಾಗಿ ಒಪ್ಪುವುದಿಲ್ಲ. ಪಂಪು ಸೋತಿದ್ದರೆ ಅದು ಗೊತ್ತಾಗುವುದು ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಬೇಕಾದಾಗ: ಏರಿನಲ್ಲಿ, ಓವರ್‌ಟೇಕ್ ಮಾಡುವಾಗ.

ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ ಕಾರ್ಬ್ಯುರೇಟರ್. ಕಾರು ನಿಂತ ಮೇಲೆ ಅದರ ಫ್ಲೋಟ್ ಚೇಂಬರ್‌ನಲ್ಲಿ, ಅಂದರೆ ಪೆಟ್ರೋಲ್ ತುಂಬಿಡುವ ಪುಟ್ಟ ಬಟ್ಟಲಿನಲ್ಲಿ, ಉಳಿದ ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಚೇಂಬರ್ ಬಹುತೇಕ ಒಣಗಿರುತ್ತದೆ. ನಿಮ್ಮ ಕಾರಿನ ಪಂಪು ವಿದ್ಯುತ್ತಿನದಲ್ಲ, ಎಂಜಿನ್‌ನೊಂದಿಗೆ ತಿರುಗುವ ಕ್ಯಾಮ್‌ಶಾಫ್ಟ್ ಒತ್ತಿದಾಗ ಕೆಲಸ ಮಾಡುವ ಡಯಾಫ್ರಮ್ (ಬಳುಕುವ ಪೊರೆಯ) ಪಂಪು. ಎಂಜಿನ್ ತಿರುಗದೆ ಅದು ಒಂದು ಹನಿಯನ್ನೂ ಎಳೆಯಲಾರದು. ಸ್ಟಾರ್ಟರ್‌ನ ನಿಧಾನ ವೇಗದಲ್ಲಿ ಖಾಲಿ ಚೇಂಬರ್ ತುಂಬಲು ಹೊತ್ತು ಹಿಡಿಯುವುದು ಸಹಜ.

ನೀವೇ ಪರೀಕ್ಷಿಸಬಹುದು. ಎಂಜಿನ್ ತಣ್ಣಗಿರುವಾಗ, ಹತ್ತಿರ ಬೀಡಿ, ದೀಪ ಯಾವುದೂ ಇಲ್ಲದಾಗ ಏರ್ ಕ್ಲೀನರ್ ಬಿಚ್ಚಿ. ಸೆಲ್ಫ್ ಹೊಡೆಯುವ ಮೊದಲೇ ಆಕ್ಸಿಲರೇಟರ್ ಲಿವರನ್ನು ಕೈಯಿಂದ ಎಳೆದು ಕಾರ್ಬ್ಯುರೇಟರ್‌ನ ಬಾಯೊಳಗೆ ನೋಡಿ. ಸಣ್ಣ ಜೆಟ್ಟಿನಿಂದ ಪೆಟ್ರೋಲ್ ಚಿಮ್ಮಿದರೆ ಚೇಂಬರ್‌ನಲ್ಲಿ ಪೆಟ್ರೋಲ್ ಇದೆ ಎಂದು ಅರ್ಥ. ಆಗ ತಣ್ಣಗಿನ ಎಂಜಿನ್‌ಗೆ ಗಾಳಿ ಕಡಿಮೆ ಮಾಡುವ ಚೋಕ್ ಪೂರ್ತಿ ಮುಚ್ಚುತ್ತಿದೆಯೇ, ಪ್ಲಗ್ಗುಗಳು ಹೇಗಿವೆ ಎಂಬ ಕಡೆಗೆ ಹೋಗಬೇಕು. ಚಿಮ್ಮದಿದ್ದರೆ ಚೇಂಬರ್ ಒಣಗಿದೆ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು, ಸ್ಟಾರ್ಟರ್ ಆರಲು ಅರ್ಧ ನಿಮಿಷ ಬಿಟ್ಟು, ಮತ್ತೆ ಹೊಡೆಯಿರಿ. ಒಂದೇ ಸಮನೆ ಹೊಡೆದರೆ ಸ್ಟಾರ್ಟರ್ ಸುಟ್ಟುಹೋಗುತ್ತದೆ.

ವಾರದ ಬಳಿಕ ಹೀಗಾದರೆ ಚಿಂತೆಯಿಲ್ಲ. ಒಂದೇ ರಾತ್ರಿ ನಿಲ್ಲಿಸಿದಾಗಲೂ ಹೀಗೇ ಆದರೆ ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪುಗಳನ್ನು ನೋಡಿ. ಇಲ್ಲಿ ಅನೇಕರು ದಾರಿ ತಪ್ಪುತ್ತಾರೆ. ಅದು ಎಳೆಯುವ ಕಡೆಯ ಪೈಪು. ಅದರಲ್ಲಿ ಬಿರುಕಿದ್ದರೆ ಹೊರಗೆ ಪೆಟ್ರೋಲ್ ಸೋರದಿರಬಹುದು, ಒಳಗೆ ಗಾಳಿ ನುಗ್ಗುತ್ತದೆ. ನೆಲ ಒಣಗಿದೆ, ಆದ್ದರಿಂದ ಪೈಪು ಸರಿಯಿದೆ ಎಂದುಕೊಂಡು ಪಂಪಿನ ಮೇಲೆ ತಪ್ಪು ಹೊರಿಸುತ್ತಾರೆ. ಕ್ಲಿಪ್ಪು ಕಚ್ಚಿದ ಜಾಗದಲ್ಲಿ ಪೈಪನ್ನು ಮಡಿಸಿ ನೋಡಿ, ಬಿರುಕು ಅಲ್ಲೇ ಕಾಣುತ್ತದೆ. ಪೈಪು, ಕ್ಲಿಪ್ಪು, ಫಿಲ್ಟರ್ ಮೂರನ್ನೂ ಬದಲಿಸುವ ಖರ್ಚು ಪಂಪಿನ ಬೆಲೆಯ ಹತ್ತಿರವೂ ಬರುವುದಿಲ್ಲ.

ಪಂಪನ್ನು ಇವತ್ತೇ ಬದಲಿಸಿ ಎಂದು ನಾನು ಹೇಳುವ ಸಂದರ್ಭವೂ ಇದೆ. ಪಂಪಿನ ಮೈಯಲ್ಲಿರುವ ಸಣ್ಣ ರಂಧ್ರದಿಂದ ಪೆಟ್ರೋಲ್ ಒಸರುತ್ತಿದ್ದರೆ, ಅಥವಾ ಎಂಜಿನ್ ಆಯಿಲ್‌ನ ಕಡ್ಡಿ ಎಳೆದಾಗ ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟ ಏರಿದ್ದರೆ, ಡಯಾಫ್ರಮ್ ಹರಿದಿರಬಹುದು. ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ. ಬೆಂಕಿಯ ಅಪಾಯವೂ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ, ಪಂಪು, ಆಯಿಲ್ ಎರಡನ್ನೂ ಬದಲಿಸಿ.

ಪ್ರಶ್ನೆ: 2003ರ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಕಾರು. ರಾತ್ರಿಯಿಡೀ ನಿಂತರೆ ಬೆಳಿಗ್ಗೆ ತಡವಾಗಿ ಹಿಡಿಯುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ತರಕಾರಿ ಕೊಂಡು ಬಂದು ಮತ್ತೆ ಸ್ಟಾರ್ಟ್ ಮಾಡುವಾಗಲೂ ಕೆಲವೊಮ್ಮೆ ಇದೇ ಕಥೆ.
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಪಂಪು ಟ್ಯಾಂಕಿನೊಳಗೆ ಮುಳುಗಿರುವ ವಿದ್ಯುತ್ ಪಂಪು. ಕೀಲಿಯನ್ನು ಆನ್ ಸ್ಥಾನಕ್ಕೆ ತಂದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ ಗುಂಯ್ ಎಂಬ ಸದ್ದು ಕೇಳಬೇಕು. ರೇಡಿಯೊ ಆರಿಸಿ, ಕಿಟಕಿ ಮುಚ್ಚಿ, ಕಿವಿಗೊಟ್ಟು ಕೇಳಿ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ, ವೈರಿನ ಸಾಕೆಟ್. ಪಂಪಿನ ಸರದಿ ಕೊನೆಗೆ.

ಸದ್ದು ಬಂದರೆ ಹೀಗೆ ಮಾಡಿ. ಕೀಲಿ ಆನ್ ಮಾಡಿ, ಸದ್ದು ನಿಲ್ಲುವವರೆಗೆ ಕಾದು, ಆಫ್ ಮಾಡಿ. ಇದನ್ನು ಮೂರು ಸಲ ಮಾಡಿದ ಮೇಲೆ ಸೆಲ್ಫ್ ಹೊಡೆಯಿರಿ. ಥಟ್ಟನೆ ಹಿಡಿದರೆ, ಎಂಜಿನ್ ನಿಂತ ಮೇಲೆ ಪೈಪಿನಲ್ಲಿ ಒತ್ತಡ ನಿಲ್ಲುತ್ತಿಲ್ಲ ಎಂದೇ ನನ್ನ ಅನುಮಾನ. ಪಂಪಿನ ಬಾಯಲ್ಲಿ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಸೋತು ಪೆಟ್ರೋಲ್ ಟ್ಯಾಂಕಿಗೆ ಮರಳುತ್ತಿರಬಹುದು, ಒತ್ತಡವನ್ನು ಹಿಡಿತದಲ್ಲಿಡುವ ಪ್ರೆಷರ್ ರೆಗ್ಯುಲೇಟರ್ ಸೋರುತ್ತಿರಬಹುದು, ಇಲ್ಲವೇ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಇಂಜೆಕ್ಟರ್ ತೊಟ್ಟಿಕ್ಕಿದರೆ ಸ್ಟಾರ್ಟ್ ಆದ ಕೂಡಲೇ ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆ, ಕಪ್ಪು ಹೊಗೆ ಬರುತ್ತದೆ, ಪ್ಲಗ್ಗು ಕಪ್ಪಾಗಿರುತ್ತದೆ. ಖಚಿತವಾಗಿ ಹೇಳುವುದು ಪ್ರೆಷರ್ ಗೇಜ್ ಮಾತ್ರ. ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಪಂಪು ಬದಲಿಸಲು ದಯವಿಟ್ಟು ಒಪ್ಪಬೇಡಿ.

ಒತ್ತಡ ಸರಿಯಿದ್ದೂ ಬೆಳಿಗ್ಗೆ ಕಷ್ಟವಾದರೆ ಕೂಲೆಂಟ್ ತಾಪಮಾನದ ಸೆನ್ಸರ್ ನೋಡಿಸಿ. ತಣ್ಣಗಿರುವ ಎಂಜಿನನ್ನು ಬಿಸಿಯಾಗಿದೆ ಎಂದು ಅದು ತಪ್ಪಾಗಿ ತಿಳಿಸಿದರೆ ಕಂಪ್ಯೂಟರ್ ಬೆಳಗಿನ ಹೆಚ್ಚುವರಿ ಪೆಟ್ರೋಲನ್ನು ಕೊಡುವುದೇ ಇಲ್ಲ. ಇನ್ನು, ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಈ ಪಂಪನ್ನು ತಣ್ಣಗಿಡುವುದು ಅದರ ಸುತ್ತಲಿನ ಪೆಟ್ರೋಲೇ.

ಪ್ರಶ್ನೆ: ತಂದೆಯವರ ಪ್ರೀಮಿಯರ್ ಪದ್ಮಿನಿ. ಹೊಸ ಬ್ಯಾಟರಿ, ಹೊಸ ಪಂಪು ಹಾಕಿಸಿದ್ದೇವೆ. ಎಂಜಿನ್ ಈಗಲೂ ನರಳುತ್ತ ತಿರುಗುತ್ತದೆ.
– ಓದುಗರು, ಮದ್ದೂರು

ಉತ್ತರ: ನರಳುತ್ತ ತಿರುಗುವ ಎಂಜಿನ್‌ಗೂ ಪಂಪಿಗೂ ಸಂಬಂಧವೇ ಇಲ್ಲ. ನಿಮಗೆ ಪಂಪು ಮಾರಿದವರ ಮೇಲೆ ನನಗೆ ಸಿಟ್ಟಿದೆ. ಮಲ್ಟಿಮೀಟರ್ ತೆಗೆದುಕೊಳ್ಳಿ. ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಬ್ಯಾಟರಿ ಸರಿಯಿದ್ದರೆ ದಪ್ಪನೆಯ ಜಂಪರ್ ಕೇಬಲ್‌ನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್‌ನ ಬರಿಯ ಲೋಹಕ್ಕೂ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಚುರುಕಾಗಿ ತಿರುಗಿದರೆ ಬ್ಯಾಟರಿಯ ಮೈನಸ್ಸನ್ನು ಎಂಜಿನ್‌ಗೆ ಜೋಡಿಸುವ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ. ಬಿಚ್ಚಿ, ಉಜ್ಜಿ, ಬಿಗಿಯಾಗಿ ಕೂರಿಸಿ. ಆಗಲೂ ನರಳಿದರೆ ಪ್ಲಸ್ ಕಡೆಯ ಕೇಬಲ್ ನೋಡಿ, ಆಮೇಲೆ ಸ್ಟಾರ್ಟರ್‌ನ ಬುಷ್, ಕಾರ್ಬನ್ ಬ್ರಷ್‌ಗಳನ್ನು ನೋಡಿಸಿ.

ಪ್ರಶ್ನೆ: ನಾವು ಕಬ್ಬು ಬೆಳೆಯುವವರು, ಕಬ್ಬಿನಿಂದಲೂ ತಯಾರಾಗುವ ಎಥೆನಾಲ್ ಬೇಡ ಎನ್ನಲು ಮನಸ್ಸಿಲ್ಲ. ಆದರೆ ಶೇಕಡಾ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ನನ್ನ ಹಳೆಯ ಅಂಬಾಸಿಡರ್‌ನ ಪಂಪನ್ನು ಹಾಳುಮಾಡುತ್ತದೆಯೇ?
– ಓದುಗರು, ಮಂಡ್ಯ

ಉತ್ತರ: 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರಿನಿಂದ ಈ ಪ್ರಶ್ನೆ ಬಂದದ್ದು ಸರಿಯಾಗಿಯೇ ಇದೆ. ಕಬ್ಬಿನ ಬೆಲೆ ನಿಮ್ಮ ಬದುಕು, ಕಾರನ್ನೂ ಉಳಿಸಿಕೊಳ್ಳೋಣ. ಹಳೆಯ ಕಾರುಗಳ ರಬ್ಬರನ್ನು ಎಥೆನಾಲ್‌ಗೆಂದು ತಯಾರಿಸಿರಲಿಲ್ಲ. ಎಥೆನಾಲ್‌ನಲ್ಲಿ ಅಂಥ ರಬ್ಬರ್ ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರಿಯುತ್ತದೆ. ಡಯಾಫ್ರಮ್, ಪೈಪು, ಕಾರ್ಬ್ಯುರೇಟರ್‌ನ ಸೀಲುಗಳು ಎಲ್ಲಕ್ಕೂ ಇದು ಅನ್ವಯ. ಎಥೆನಾಲ್ ನೀರನ್ನೂ ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಕಾರಿನಲ್ಲಿ ಆ ನೀರು ತಳಕ್ಕೆ ಇಳಿದು ತುಕ್ಕು ಹಿಡಿಸಬಹುದು. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟುಗಳು ಕೊಡುವ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಇಂಧನ ಕಡಿಮೆ ಬಿದ್ದಂತಾಗುತ್ತದೆ. ಚಳಿಯ ಬೆಳಿಗ್ಗೆ ಚೋಕನ್ನು ಇನ್ನಷ್ಟು ಹೊತ್ತು ಎಳೆದಿಡಬೇಕಾದೀತು.

ಪೈಪುಗಳನ್ನು ಎಥೆನಾಲ್ ತಡೆಯುವ ಗುಣಮಟ್ಟದ್ದಕ್ಕೆ ಬದಲಿಸಿ. ಪಂಪಿಗೆ ರಿಪೇರಿ ಕಿಟ್ ಕೊಳ್ಳುವಾಗಲೂ ಡಯಾಫ್ರಮ್ ಇ20ಗೆ ಆಗುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ವರ್ಷಗಟ್ಟಲೆ ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ದಾಸ್ತಾನು ಬೇಡ. ಕಾರನ್ನು ಬಹಳ ದಿನ ನಿಲ್ಲಿಸುವುದಿದ್ದರೆ ಟ್ಯಾಂಕಿನ ಪೆಟ್ರೋಲ್ ತೆಗೆಸಿ. ಅದನ್ನು ಯಾರೂ ಪೈಪಿಗೆ ಬಾಯಿಟ್ಟು ಎಳೆಯಬಾರದು. ನಮ್ಮ ಗ್ಯಾರೇಜುಗಳಲ್ಲಿ ಹುಡುಗರಿಂದ ಈಗಲೂ ಹಾಗೆ ಮಾಡಿಸುತ್ತಾರೆ, ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಕೈಯಿಂದ ಒತ್ತುವ ಸೈಫನ್ ಪಂಪು ಅಂಗಡಿಯಲ್ಲಿ ಸಿಗುತ್ತದೆ, ನಿಮ್ಮ ಮೆಕ್ಯಾನಿಕ್ ಬಳಿ ಇಲ್ಲದಿದ್ದರೆ ನೀವೇ ಒಂದು ಕೊಂಡುಕೊಡಿ.