ಹಂದಿ ಹೊಡೆಯೋಕೆ ಯಾವ ಕ್ರಾಸ್‌ಬೋ? ಬಿಲ್ಲು ತರಬೇತುದಾರರ ಉತ್ತರ

ಪ್ರಶ್ನೆ: ಸರ್, ಸೇಡಂ ಕಡೆ ನಮ್ಮ ತೊಗರಿ ಹೊಲ ಇದೆ. ಹಂದಿ, ಚಿಗರಿ ಕಾಟ ಜಾಸ್ತಿ. ಬೇಟೆಗೆ ರಿಕರ್ವ್ ಕ್ರಾಸ್‌ಬೋ ಒಳ್ಳೇದಾ, ಕಾಂಪೌಂಡ್ ಒಳ್ಳೇದಾ?

ಉತ್ತರ: ಕ್ರಾಸ್‌ಬೋ ಅಂದರೆ ಬಂದೂಕಿನಂತೆ ಟ್ರಿಗರ್ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು. ಬೇಟೆಗೆ ಎರಡೂ ಬೇಡ. ಇದನ್ನು ಎಷ್ಟು ಸಲ ಹೇಳಬೇಕು? ಅಮೆರಿಕದ ವಿಡಿಯೊ ನೋಡಿ ಕೇಳುತ್ತೀರಿ. ಅಲ್ಲಿ ಲೈಸೆನ್ಸ್ ಕೊಟ್ಟು ಬೇಟೆಗೆ ಬಿಡುತ್ತಾರೆ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಚಿಗರಿ, ಅಂದರೆ ಕೃಷ್ಣಮೃಗ, ಅತಿ ಹೆಚ್ಚು ರಕ್ಷಣೆ ಇರುವ ಒಂದನೇ ಪಟ್ಟಿಯ ಪ್ರಾಣಿ. ಹೊಡೆದರೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು. ಹಂದಿಯನ್ನೂ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ‘ಬಾಣಕ್ಕೆ ಸದ್ದಿಲ್ಲ, ಯಾರಿಗೂ ಗೊತ್ತಾಗಲ್ಲ’ ಅಂತ ಮಾರುವವರು ಸುಳ್ಳು ಹೇಳುತ್ತಾರೆ. ಕ್ರಾಸ್‌ಬೋ ಬಿಟ್ಟರೆ ಚೆನ್ನಾಗೇ ಸದ್ದು ಬರುತ್ತದೆ. ಬಾಣ ಕೊಲ್ಲುವುದು ರಕ್ತ ಹರಿಸಿ. ಗುರಿ ಸ್ವಲ್ಪ ತಪ್ಪಿದರೂ ಪ್ರಾಣಿ ಓಡಿ, ಎಲ್ಲೋ ಬಿದ್ದು ನರಳಿ ಸಾಯುತ್ತದೆ. ಬೆಳೆ ಹಾಳಾದರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ.

ಸುಮ್ನೆ ಗುರಿ ಹಲಗೆಗೆ ಹೊಡೆಯೋಕೆ ಬೇಕು ಅಂದರೆ ನನ್ನ ಮಾತು ಒಂದೇ: ರಿಕರ್ವ್ ತಗೊಳ್ಳಿ. ಕಾಂಪೌಂಡ್‌ನಲ್ಲಿ ಬಿಲ್ಲಿನ ತೋಳುಗಳ ತುದಿಗೆ ಕ್ಯಾಮ್ ಅನ್ನೋ ಗಾಲಿಗಳು, ಕೇಬಲ್‌ಗಳು ಇರುತ್ತವೆ. ಅದು ಅಗಲ ಕಡಿಮೆ, ಬಾಣದ ವೇಗ ಸಾಮಾನ್ಯವಾಗಿ ಜಾಸ್ತಿ. ಆದರೆ ಹೆದೆ ಸವೆದರೆ ಬದಲಿಸಲು ಬಹುತೇಕ ಮಾಡೆಲ್‌ಗಳಿಗೆ ತೋಳುಗಳನ್ನು ಒತ್ತಿ ಹಿಡಿಯುವ ಪ್ರೆಸ್ ಯಂತ್ರ ಬೇಕು. ನಮ್ಮ ಕಡೆ ಅದನ್ನು ಎಲ್ಲಿ ಹುಡುಕುತ್ತೀರಿ? ರಿಕರ್ವ್ ಅಗಲ ಜಾಸ್ತಿ, ಒಪ್ಪುತ್ತೇನೆ. ಆದರೆ ಅದರಲ್ಲಿ ಗಾಲಿ, ಕೇಬಲ್ ಇಲ್ಲ, ತುದಿ ಮುಂದಕ್ಕೆ ಬಾಗಿದ ತೋಳು, ಹೆದೆ, ಅಷ್ಟೇ. ಹೆದೆಯನ್ನು ಮನೆಯಲ್ಲೇ ಬದಲಿಸಬಹುದು. ಹಲಗೆಗೆ ಹೊಡೆಯುವವರಿಗೆ ಆ ವೇಗ ಬೇಕಾಗೂ ಇಲ್ಲ.

ಹೆದೆ ಎಳೆಯುವಾಗ ಹಗ್ಗದ ಕೊಕ್ಕೆ ಬಳಸಿ. ಬಲ ಅರ್ಧದಷ್ಟು ಸಾಕಾಗುತ್ತದೆ, ಹೆದೆ ಎರಡೂ ಕಡೆ ಸಮನಾಗಿ ಬರುತ್ತದೆ. ಹೆಬ್ಬೆರಳು ಹೆದೆ ಓಡುವ ದಾರಿಯಲ್ಲಿ ಎಂದೂ ಇರಬಾರದು. ಇದರಲ್ಲಿ ನನಗೆ ರಾಜಿ ಇಲ್ಲ, ಬೆರಳೇ ಹೋಗುತ್ತದೆ. ಬಾಣ ಇಡದೆ ಟ್ರಿಗರ್ ಒತ್ತಬೇಡಿ, ಆ ಶಕ್ತಿಯೆಲ್ಲ ಬಿಲ್ಲಿಗೇ ಬಡಿದು ತೋಳು ಸೀಳಬಹುದು. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಲೇಬೇಡಿ, ತೋಳಿನ ಪದರಗಳು ಬಿಡಬಹುದು.

ಪ್ರಶ್ನೆ: ಪೌಂಡ್, ಅಂದರೆ ಹೆದೆ ಎಳೆಯೋಕೆ ಬೇಕಾದ ಬಲ, ಜಾಸ್ತಿ ಇದ್ದರೆ ಗುರಿ ಚೆನ್ನಾಗಿ ಬೀಳುತ್ತದೆಯಾ?

ಉತ್ತರ: ಇಲ್ಲ.

ಪ್ರಶ್ನೆ: ಭುಜಕ್ಕೆ ಬಲ ಬರುವ ಎಣ್ಣೆ ಅಂತ ಜಾತ್ರೆಯಲ್ಲಿ ಮಾರುತ್ತಾರೆ, ಹಚ್ಚಬಹುದಾ?

ಉತ್ತರ: ಬಲ ಬರುವುದು ಅಭ್ಯಾಸದಿಂದ. ಭುಜ ನೋಯುತ್ತಿದ್ದರೆ ಬಿಲ್ಲು ಕೆಳಗಿಟ್ಟು ಮೂಳೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮಗಳಿಗೆ ಒಲಿಂಪಿಕ್ಸ್ ಆಸೆ. ಕ್ರಾಸ್‌ಬೋ ಕೊಡಿಸಲಾ?

ಉತ್ತರ: ಒಲಿಂಪಿಕ್ಸ್‌ನಲ್ಲಿ ಕ್ರಾಸ್‌ಬೋ ಇಲ್ಲ. ಅಲ್ಲಿ ಕೈಬಿಲ್ಲಿನಿಂದ 70 ಮೀಟರ್ ದೂರಕ್ಕೆ ಹೊಡೆಯಬೇಕು. ಹಗುರ ರಿಕರ್ವ್ ಬಿಲ್ಲು ಕೊಡಿಸಿ, ಕೋಚ್ ಹತ್ತಿರ ಕಳಿಸಿ.